ಹೀಲಿಯೋಸ್ 44-2

ಸೋವಿಯತ್ ಒಕ್ಕೂಟದ ಜೆನಿಟ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ, ಕೈಯಲ್ಲೇ ಫೋಕಸ್ ಮಾಡುವ ಲೆನ್ಸ್. ನಾಭಿದೂರ 58 ಮಿ.ಮೀ., ಗರಿಷ್ಠ ಅಪರ್ಚರ್ ಎಫ್/2. ಜರ್ಮನಿಯ ಯೇನಾ ನಗರದ ಕಾರ್ಲ್ ಜೈಸ್ ಸಂಸ್ಥೆಯ ಬಯೋಟಾರ್ ಲೆನ್ಸ್ ಇದರ ವಿನ್ಯಾಸಕ್ಕೆ ಮೂಲ. ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯೂ ಸೇರಿದಂತೆ ಹಲವೆಡೆ ತಯಾರಾಯಿತು.

ರಚನೆ: 4 ಗುಂಪುಗಳಲ್ಲಿ 6 ಗಾಜುಗಳು, 8 ಅಲಗುಗಳ ಅಪರ್ಚರ್, 42 ಮಿ.ಮೀ. ವ್ಯಾಸದ ತಿರುಪಿನ ಮೌಂಟ್. ಒಂದು ಬಳೆ ಬೇಕಾದ ಅಪರ್ಚರನ್ನು ಮೊದಲೇ ಗೊತ್ತುಮಾಡುತ್ತದೆ. ಇನ್ನೊಂದು ಅದನ್ನು ತೆರೆದು ಮುಚ್ಚುತ್ತದೆ.

ವೈಶಿಷ್ಟ್ಯ: ಅಪರ್ಚರ್ ಪೂರ್ತಿ ತೆರೆದು ಹತ್ತಿರದ ಮುಖವೊಂದಕ್ಕೆ ಫೋಕಸ್ ಮಾಡಿದರೆ, ಹಿಂದಿನ ಎಲೆಗಳ ಸಂದಿಯ ಬಿಸಿಲಚುಕ್ಕೆಗಳು ಅಂಚಿನಲ್ಲಿ ಬಾದಾಮಿಯಾಕಾರ ತಾಳಿ, ಮುಖದ ಸುತ್ತ ಸುಳಿಯಂತೆ ತಿರುಗುತ್ತವೆ. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆ ಭಾಗಶಃ ತಡೆಯುವುದು ಇದಕ್ಕೆ ಮುಖ್ಯ ಕಾರಣ. ವಿನ್ಯಾಸದ ಈ ಮಿತಿಯೇ ಇಂದು ಹವ್ಯಾಸಿಗಳನ್ನು ಸೆಳೆಯುವ ಸೊಬಗು.

ಮರುಬಳಕೆ: ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮೌಂಟ್ ಮತ್ತು ಸೆನ್ಸರ್ ನಡುವಿನ ಅಂತರ ಕಡಿಮೆ, ಸರಳ ಅಡಾಪ್ಟರ್ ಅದನ್ನು ತುಂಬಿಕೊಡುತ್ತದೆ. ಕೊಳ್ಳುವವರು ಗಾಜಿನೊಳಗಿನ ಬೂಷ್ಟು, ಅಲಗುಗಳ ಮೇಲಿನ ಎಣ್ಣೆ, ಗ್ರೀಸ್ ಒಣಗಿ ಬಿಗಿಯಾದ ಫೋಕಸ್ ಬಳೆ ಇವನ್ನು ಪರೀಕ್ಷಿಸಬೇಕು. ಮಳೆಗಾಲದ ತೇವದಲ್ಲಿ ಬೂಷ್ಟು ಬೇಗ ಹಬ್ಬುವುದರಿಂದ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಯಲ್ಲಿಡುವುದು ಕ್ಷೇಮ.