ಜರ್ಮನ್‌ನಲ್ಲಿ ಮೂರು ವರ್ಷ ಓದಲು ಏನುಂಟು?



ನಮ್ಮ ಕಾಸರಗೋಡು ಕಡೆ ಈಗ ಜರ್ಮನ್ ಅಂದರೆ ನರ್ಸಿಂಗ್. ಬಿ1 ಪಾಸಾಯಿತಾ, ಬಿ2 ಯಾವಾಗ, ವೀಸಾ ಬಂತಾ ಎಂದು ಭಾನುವಾರ ಚರ್ಚ್ ಬಿಟ್ಟ ಮೇಲೆ ಅಂಗಳದಲ್ಲೇ ವಿಚಾರಿಸುತ್ತೇವೆ. ಮೊನ್ನೆ ಪ್ಲಸ್ ಟು ಮುಗಿಸಿದ ನಮ್ಮ ಯುವಸಂಘದ ತಂಗಿಯೊಬ್ಬಳು, "ಅಣ್ಣಾ, ನಾನು ಜರ್ಮನ್‌ನಲ್ಲೇ ಬಿ.ಎ. ಮಾಡ್ತೇನೆ" ಅಂದಳು. ಪಕ್ಕದಲ್ಲಿದ್ದ ಅವಳ ತಂದೆ, "ಭಾಷೆ ಕಲಿಯಲಿಕ್ಕೆ ಕೋರ್ಸ್ ಉಂಟಲ್ಲ? ಮೂರು ವರ್ಷ ಅದರಲ್ಲಿ ಓದ್ಲಿಕ್ಕೆ ಏನುಂಟು?" ಎಂದು ಕೇಳಿದರು. ಬಿ.ಎಸ್ಸಿ. ಓದಿದ ನನ್ನ ಬಳಿ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ತಿಳಿದ ಸಂಗತಿಯೇ ಆಶ್ಚರ್ಯದ್ದು. ಒಂದು ಕಾಲದಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲೇ ಜರ್ಮನ್‌ಗೆ ಜಾಗ ಇರಲಿಲ್ಲ. ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಇಡೀ ಬೈಬಲನ್ನೂ ಜನರ ಜರ್ಮನ್‌ನಲ್ಲಿ ಕೊಟ್ಟಿದ್ದರು. ಆದರೂ ತರಗತಿಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. 1687ರಲ್ಲಿ ಲೈಪ್‌ಜಿಗ್‌ನ ಕ್ರಿಸ್ಟಿಯಾನ್ ಥೊಮಾಸಿಯಸ್ ತನ್ನ ಉಪನ್ಯಾಸದ ಪ್ರಕಟಣೆಯನ್ನು ಜರ್ಮನ್‌ನಲ್ಲಿ ಹಾಕಿದ್ದೇ ದೊಡ್ಡ ಸುದ್ದಿಯಾಯಿತು. ಹೊಸದಾಗಿ ತೆರೆದ ಬರ್ಲಿನ್ ವಿಶ್ವವಿದ್ಯಾಲಯ ಜರ್ಮನ್ ಭಾಷೆ ಮತ್ತು ಸಾಹಿತ್ಯಕ್ಕೆಂದು ಫ್ರೀಡ್ರಿಖ್ ಹೈನ್ರಿಖ್ ಫಾನ್ ಡೆರ್ ಹಾಗನ್ ಅವರನ್ನು ನೇಮಿಸಿದ್ದು 1810ರಲ್ಲಿ.

ಆಗಲೇ ಯಾಕೆ? ಆಗ ಜರ್ಮನಿ ಎಂಬ ಒಂದು ದೇಶ ಇರಲಿಲ್ಲ, ಹತ್ತಾರು ಸಂಸ್ಥಾನಗಳಿದ್ದವು. ನೆಪೋಲಿಯನ್‌ನ ಸೈನ್ಯ ಅವುಗಳನ್ನು ಸೋಲಿಸಿತ್ತು. ಆ ಜನರನ್ನೆಲ್ಲ ಒಟ್ಟಿಗೆ ಕಟ್ಟುವುದು ಯಾವುದು ಎಂದು ಕೇಳಿಕೊಂಡ ವಿದ್ವಾಂಸರಿಗೆ ಕಂಡದ್ದು ಭಾಷೆ. ಹಳೆಯ ಕಾವ್ಯ, ಅಜ್ಜಿಕಥೆ, ಹಳ್ಳಿಯ ಮಾತುಗಳನ್ನು ಹುಡುಕಿ ಕೂಡಿಸುವ ಕೆಲಸ ಶುರುವಾಯಿತು. ನಾವು ಚಿಕ್ಕಂದಿನಲ್ಲಿ ಕೇಳಿದ ಸಿಂಡ್ರೆಲಾ, ಹಿಮಬಿಳುಪಿ ಕಥೆಗಳಿರುವ ಗ್ರಿಮ್ ಸಹೋದರರ ಸಂಗ್ರಹ 1812ರಲ್ಲಿ ಬಂದದ್ದು ಹೀಗೆ.

ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಬರೇ ಕಥೆ ಕೂಡಿಸಿದವರಲ್ಲ, ಗೊಟ್ಟಿಂಗೆನ್‌ನಲ್ಲಿ ಪ್ರಾಧ್ಯಾಪಕರು. 1837ರಲ್ಲಿ ಹ್ಯಾನೋವರ್‌ನ ರಾಜ ರಾಜ್ಯದ ಸಂವಿಧಾನವನ್ನು ರದ್ದುಮಾಡಿದ. ಅದರ ಮೇಲೆ ಪ್ರಮಾಣ ಮಾಡಿದ್ದೇವೆ, ಆ ಪ್ರಮಾಣ ಮುರಿಯಲಾರೆವು ಎಂದು ಏಳು ಪ್ರಾಧ್ಯಾಪಕರು ಪ್ರತಿಭಟಿಸಿದರು. ಇಬ್ಬರು ಗ್ರಿಮ್‌ಗಳೂ ಅದರಲ್ಲಿದ್ದರು. ಏಳೂ ಮಂದಿಯ ಕೆಲಸ ಹೋಯಿತು. ಯಾಕೋಬ್‌ಗೆ ಮೂರು ದಿನದಲ್ಲಿ ರಾಜ್ಯ ಬಿಡಬೇಕೆಂಬ ಆಜ್ಞೆಯಾಯಿತು.

ಕೆಲಸ ಕಳಕೊಂಡ ಅಣ್ಣತಮ್ಮಂದಿರು 1838ರಲ್ಲಿ ಜರ್ಮನ್ ನಿಘಂಟಿಗೆ ಕೈಹಾಕಿದರು. ಮೊದಲ ಸಂಪುಟ ಬಂದದ್ದು 1854ರಲ್ಲಿ. 1863ರಲ್ಲಿ ಯಾಕೋಬ್ ತೀರಿಕೊಂಡಾಗ ಕೆಲಸ ಇನ್ನೂ 'ಎಫ್' ಅಕ್ಷರದಲ್ಲಿತ್ತು, ಹಣ್ಣು ಎಂಬರ್ಥದ 'ಫ್ರುಖ್ಟ್' ಶಬ್ದದಲ್ಲಿ. ಅನಂತರ ತಲೆಮಾರುಗಳು ಅದನ್ನು ಮುಂದುವರಿಸಿದವು. ಎರಡನೇ ಮಹಾಯುದ್ಧದ ಬಳಿಕ ದೇಶ ಎರಡಾದಾಗಲೂ ಪೂರ್ವ ಬರ್ಲಿನ್ ಮತ್ತು ಪಶ್ಚಿಮದ ಗೊಟ್ಟಿಂಗೆನ್ ಸೇರಿಯೇ ಕೆಲಸ ಮಾಡಿದವು. ನಿಘಂಟು 1961ರಲ್ಲಿ ಮುಗಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಗಡಿಯಲ್ಲಿ ಬೆಳೆದ ನನಗೆ ಇದನ್ನು ಓದುವಾಗ 1956 ನೆನಪಾಯಿತು. ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದರೂ ಮನೆಯ ಕನ್ನಡ ಹಾಗೇ ಉಳಿಯಿತಲ್ಲ!

ಆದರೆ ಈ ಕಥೆಗೆ ಕತ್ತಲೆಯ ಭಾಗವೂ ಉಂಟು, ಅದನ್ನು ಮುಚ್ಚಿಡಬಾರದು. 1933ರ ಮೇ 10ರಂದು ಬರ್ಲಿನ್‌ನಲ್ಲೂ ಬೇರೆ ವಿಶ್ವವಿದ್ಯಾಲಯ ಪಟ್ಟಣಗಳಲ್ಲೂ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಮುಂದೆ ನಿಂತವರು ವಿದ್ಯಾರ್ಥಿಗಳು, ನಮ್ಮ ಪ್ರಾಯದವರು. ಬಾನ್‌ನಲ್ಲಿ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕ ಹಾನ್ಸ್ ನೌಮಾನ್ ಅವರೇ ಬೆಂಕಿಯ ಮುಂದೆ ಭಾಷಣ ಮಾಡಿದರು. ಭಾಷೆಯ ಪ್ರೀತಿಯಿಂದ ಶುರುವಾದ ವಿದ್ಯೆ, 'ನಮ್ಮವರು ಮಾತ್ರ ಶುದ್ಧರು' ಎನ್ನುವವರ ಕೈಯ ಆಯುಧವಾಯಿತು. ಯುದ್ಧ ಮುಗಿದ ಮೇಲೂ ತುಂಬಾ ವರ್ಷ ಅದರ ಬಗ್ಗೆ ಮೌನವೇ ಇತ್ತು. 1966ರಲ್ಲಿ ಮ್ಯೂನಿಕ್‌ನಲ್ಲಿ ಸೇರಿದ ಜರ್ಮನ್ ಅಧ್ಯಾಪಕರ ಸಮ್ಮೇಳನ ತಮ್ಮ ವಿಷಯವೇ ಮಾಡಿದ ತಪ್ಪನ್ನು ಬಹಿರಂಗವಾಗಿ ಚರ್ಚೆಗೆ ತಂದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಆತ್ಮಪರಿಶೋಧನೆ. ಈಗ ಜರ್ಮನ್ ಮುಖ್ಯ ವಿಷಯವಾಗಿ ಓದುವವರು ವ್ಯಾಕರಣ, ಗಯಟೆ, ಕಾಫ್ಕಾರ ಜೊತೆಗೆ ಈ ಇತಿಹಾಸವನ್ನೂ ಎದುರಿಸಬೇಕಾಗುತ್ತದೆ.

ನಮಗೂ ಇದರಲ್ಲಿ ಒಂದು ಪಾಲುಂಟು. 1853ರಲ್ಲಿ ಬಾಸೆಲ್ ಮಿಶನ್ ಮೂಲಕ ಬಂದ ಫರ್ಡಿನಾಂಡ್ ಕಿಟ್ಟೆಲ್ ಜರ್ಮನ್ನರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಶಬ್ದಗಳೊಂದಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆಗ ಅವರ ತಾಯ್ನುಡಿಯ ದೊಡ್ಡ ನಿಘಂಟು ಇನ್ನೂ ಮುಗಿದಿರಲಿಲ್ಲ! ಪರಭಾಷೆಗೆ ಒಬ್ಬ ಮನುಷ್ಯ ಆಯುಷ್ಯ ಕೊಟ್ಟದ್ದರಿಂದ ನಮ್ಮ ಭಾಷೆಗೆ ಲಾಭವಾಯಿತು.

ಹಾಗಾಗಿ ಆ ಅಂಕಲ್‌ಗೆ ನನ್ನ ಉತ್ತರ ಇದು. ಬಿ2 ಕಲಿತರೆ ಜರ್ಮನ್ ರೋಗಿಯ ಜೊತೆ ಮಾತಾಡಬಹುದು, ಅದು ಒಳ್ಳೆಯ ಕೆಲಸವೇ. ಡಿಗ್ರಿಯಲ್ಲಿ ಕಲಿಯುವುದು, ಒಂದು ಜನಾಂಗ ತನ್ನ ಭಾಷೆಯಿಂದ ಏನು ಕಟ್ಟಿತು, ಏನು ಸುಟ್ಟಿತು, ಆಮೇಲೆ ಹೇಗೆ ಒಪ್ಪಿಕೊಂಡಿತು ಎಂಬುದನ್ನು. ಅದಕ್ಕೆ ಮೂರು ವರ್ಷ ಹೆಚ್ಚಲ್ಲ. ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲು ಎರಡರಲ್ಲೂ ಜರ್ಮನ್ ಬಿ.ಎ. ಉಂಟು, ಪ್ರವೇಶ ಪರೀಕ್ಷೆ ಬರೆಯಬೇಕು. ತಂಗಿ ಅರ್ಜಿ ಹಾಕುವ ದಿನ ನಾನೂ ಜೊತೆಗೆ ಕೂರುತ್ತೇನೆ ಎಂದು ಹೇಳಿದ್ದೇನೆ. ಅಂಕಲ್ ಇನ್ನೂ 'ನೋಡುವ' ಎನ್ನುತ್ತಿದ್ದಾರೆ. ಮುಂದಿನ ಭಾನುವಾರ ಈ ಬರಹವನ್ನು ಅವರ ಕೈಗೇ ಕೊಡುತ್ತೇನೆ.