ಹಣ ಕೊಟ್ಟವರು ಯಾರು? ಮಕ್ಕಳ ಬೊಜ್ಜಿನ ಔಷಧಗಳ ಕಥೆ

‘ಪ್ರಾಯೋಜಕರು’ ಎಂಬ ಪದವನ್ನು ನಮ್ಮ ಮನೆಗಳಿಗೆ ತಂದದ್ದು ದೂರದರ್ಶನ. ಅನುವಾದದ ಕೆಲಸದಲ್ಲಿ ಅದೇ ಪದ ನನಗೆ ಈಗ ಔಷಧ ಪ್ರಯೋಗಗಳ ಮಾಹಿತಿ ಪತ್ರದಲ್ಲಿ ಸಿಗುತ್ತದೆ. ಪ್ರಯೋಗಕ್ಕೆ ಸೇರುವುದು ಮಗುವಾದರೆ ಅಪ್ಪ-ಅಮ್ಮನಿಗೊಂದು ಪತ್ರ, ಮಗುವಿಗೇ ಇನ್ನೊಂದು. ಐಸಿಎಂಆರ್ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರು ಬಾಯಿಮಾತಿನಲ್ಲಿ, ಅದಕ್ಕಿಂತ ದೊಡ್ಡವರು ಬರಹದಲ್ಲಿ ಸಮ್ಮತಿ ಕೊಡಬೇಕು. ಹದಿಮೂರರ ಹುಡುಗಿಗೆ ‘ಪ್ರಾಯೋಜಕರು’ ಎಂದರೆ ಏನು ತಿಳಿದೀತು? ‘ಈ ಔಷಧ ತಯಾರಿಸುವ ಕಂಪನಿಯೇ ಈ ಅಧ್ಯಯನದ ಖರ್ಚು ಕೊಡುತ್ತಿದೆ’ ಎಂದು ಬಿಡಿಸಿ ಬರೆಯುತ್ತೇನೆ. ಬಿಡಿಸಿ ಬರೆದ ಕೂಡಲೇ, ಬೇರೆ ಯಾರೂ ಯಾಕೆ ಕೊಡುತ್ತಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಉತ್ತರಕ್ಕೆ ಅಮೆರಿಕದ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಅಲ್ಲಿನ ಔಷಧ ಕಾನೂನುಗಳೆಲ್ಲ ಬಹುಮಟ್ಟಿಗೆ ಮಕ್ಕಳ ಸಾವು-ನೋವಿನಿಂದಲೇ ಹುಟ್ಟಿದವು. 1937ರಲ್ಲಿ ಸಲ್ಫಾನಿಲಮೈಡ್ ಔಷಧವನ್ನು ವಿಷಕಾರಿ ದ್ರಾವಕದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಹಲವರು. ಮರುವರ್ಷವೇ ಹೊಸ ಕಾನೂನು ಬಂತು. ಥಾಲಿಡೊಮೈಡ್ ದುರಂತದ ಬಳಿಕ 1962ರಲ್ಲಿ ಇನ್ನೊಂದು ಬಂತು: ಔಷಧ ಕೆಲಸ ಮಾಡುತ್ತದೆಂದು ಪ್ರಯೋಗದಿಂದ ತೋರಿಸಬೇಕು. ತೋರಿಸಿದ್ದು ಮಾತ್ರ ದೊಡ್ಡವರ ಮೇಲೆ. ‘ಮಕ್ಕಳಲ್ಲಿ ಸುರಕ್ಷತೆ ಸಾಬೀತಾಗಿಲ್ಲ’ ಎಂದು ಚೀಟಿಯಲ್ಲಿ ಅಚ್ಚು ಹಾಕಿದರೆ ಕಂಪನಿಯ ಜವಾಬ್ದಾರಿ ಮುಗಿಯುತ್ತಿತ್ತು. ವೈದ್ಯರು ಮಗುವಿನ ತೂಕ ನೋಡಿ, ಅಂದಾಜಿನ ಮೇಲೆ ಡೋಸ್ ಬರೆಯುತ್ತಿದ್ದರು. ಹ್ಯಾರಿ ಶರ್ಕಿ ಎಂಬ ಮಕ್ಕಳ ವೈದ್ಯ 1960ರ ದಶಕದಲ್ಲಿ ಈ ಮಕ್ಕಳಿಗೆ ಒಂದು ಹೆಸರು ಕೊಟ್ಟ. ಕನ್ನಡದಲ್ಲಿ ಅದನ್ನು ‘ಚಿಕಿತ್ಸೆಯ ಅನಾಥರು’ ಎನ್ನಬಹುದು.

ಅನಾಥರಿಗೆ ಪೋಷಕರನ್ನು ಹುಡುಕಿಕೊಟ್ಟದ್ದು 1997ರ ನವೆಂಬರ್‌ನ ಕಾನೂನು. ವಿಚಿತ್ರ ವರ್ಷ ಅದು. ತೂಕ ಇಳಿಸಲು ಲಕ್ಷಾಂತರ ಜನ ನುಂಗುತ್ತಿದ್ದ ಫೆನ್‌ಫ್ಲೂರಮೈನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ಗೊತ್ತಾಗಿ ಸೆಪ್ಟೆಂಬರ್‌ನಲ್ಲಷ್ಟೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದಿದ್ದರು. ಹೊಸ ಕಾನೂನಿನ ವ್ಯವಹಾರ ಸರಳ. ಸರ್ಕಾರ ಕೇಳಿದ ಅಧ್ಯಯನವನ್ನು ಕಂಪನಿ ಮಕ್ಕಳಲ್ಲಿ ಮಾಡಿದರೆ, ಆ ಔಷಧದ ಮೇಲಿನ ಏಕಸ್ವಾಮ್ಯ ಇನ್ನೂ 6 ತಿಂಗಳು ಮುಂದುವರಿಯುತ್ತದೆ. ಫಲಿತಾಂಶ ಹೇಗೇ ಬರಲಿ, ಬಹುಮಾನ ಖಾತ್ರಿ. ಆ 6 ತಿಂಗಳು ಅಗ್ಗದ ಜೆನೆರಿಕ್ ಬರದೆ, ದೊಡ್ಡವರು ಪೂರ್ತಿ ಬೆಲೆ ತೆತ್ತು ಕೊಳ್ಳಬೇಕು. ಅಂದರೆ ಮಕ್ಕಳ ಸಂಶೋಧನೆಯ ಖರ್ಚು ಕೊನೆಗೆ ದೊಡ್ಡ ರೋಗಿಗಳ ಜೇಬಿನಿಂದಲೇ ಹೊರಟಿತು. 2003ರಲ್ಲಿ ಬೆಲ್ಲದ ಜೊತೆಗೆ ಬೆತ್ತವೂ ಬಂತು: ಹೊಸ ಔಷಧಗಳಿಗೆ ಮಕ್ಕಳ ಅಧ್ಯಯನವನ್ನು ಕಡ್ಡಾಯ ಮಾಡುವ ಅಧಿಕಾರ. ಯುರೋಪು 2007ರಲ್ಲಿ ಇದೇ ದಾರಿ ಹಿಡಿಯಿತು.

ಈ ವ್ಯವಸ್ಥೆಯನ್ನು ಪೂರಾ ತೆಗಳಲಾರೆ. ಇದಿಲ್ಲದಿದ್ದರೆ ಹಲವು ಅಧ್ಯಯನಗಳು ನಡೆಯುತ್ತಲೇ ಇರಲಿಲ್ಲ. ಆದರೆ ಇದರಲ್ಲಿ ಬಹುಮಾನದ ಗಾತ್ರ ನಿರ್ಧಾರವಾಗುವುದು ಔಷಧ ದೊಡ್ಡವರಲ್ಲಿ ಎಷ್ಟು ಮಾರಾಟವಾಗುತ್ತದೆ ಎಂಬುದರಿಂದ. ಮಕ್ಕಳಿಗೆ ಎಷ್ಟು ಬೇಕು ಎಂಬುದರಿಂದಲ್ಲ.

ಆರ್ಲಿಸ್ಟಾಟ್ ನೋಡಿ. 12ರಿಂದ 16 ವರ್ಷದ 539 ಮಂದಿಯ ಮೇಲೆ 54 ವಾರಗಳ ಪ್ರಯೋಗ, ಹಣ ರಾಶ್ ಕಂಪನಿಯದು. ಔಷಧ ಪಡೆದವರ ತೂಕ ಸರಾಸರಿ 0.53 ಕಿಲೋ ಏರಿತು, ಹುಸಿಮಾತ್ರೆ ಪಡೆದವರದು 3.14 ಕಿಲೋ. ಬೆಳೆಯುವ ಮಕ್ಕಳಲ್ಲಿ ಇದೂ ಒಂದು ಪರಿಣಾಮವೇ, ಸರಿ. 2003ರ ಕೊನೆಗೆ ಅನುಮತಿ ಸಿಕ್ಕಿತು. ಜಿಡ್ಡು ಜಿಡ್ಡಾಗಿ ಭೇದಿಯಾಗುವ ಮಾತ್ರೆಯನ್ನು ನುಂಗಿ ಶಾಲೆಗೆ ಹೋಗಲು ಯಾವ ಹುಡುಗ ಒಪ್ಪಿಯಾನು ಎಂಬುದು ಬೇರೆ ಮಾತು.

ಸಿಬುಟ್ರಮೈನ್ ಕಥೆ ಇನ್ನೂ ಮುಖ್ಯ. ಅಬಾಟ್ ಕಂಪನಿಯ ಹಣದಲ್ಲಿ 498 ಹದಿಹರೆಯದವರ ಮೇಲೆ ಒಂದು ವರ್ಷ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ತೂಕ ಚೆನ್ನಾಗಿಯೇ ಇಳಿದಿತ್ತು. ಆದರೆ ಯುರೋಪಿನ ನಿಯಂತ್ರಕರ ಒತ್ತಾಯದಿಂದ ಹೃದ್ರೋಗದ ಅಪಾಯವಿದ್ದ ಸುಮಾರು 10,000 ದೊಡ್ಡವರ ಮೇಲೆ ಹಲವು ವರ್ಷ ನಡೆದ ಇನ್ನೊಂದು ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚೆಂದು ಕಂಡಿತು. 2010ರಲ್ಲಿ ಆ ಔಷಧ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಭಾರತವೂ 2011ರಲ್ಲಿ ನಿಷೇಧಿಸಿತು. 498 ಮಕ್ಕಳ ಒಂದು ವರ್ಷದ ಲೆಕ್ಕದಲ್ಲಿ ಇಂಥದ್ದು ಕಾಣಲು ಸಾಧ್ಯವೇ ಇರಲಿಲ್ಲ. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅನುಮತಿಗೆ ಎಷ್ಟು ಬೇಕೋ ಅಷ್ಟು ಉದ್ದದ ಪ್ರಯೋಗಕ್ಕೆ ಹಣ ಸಿಕ್ಕಿತ್ತು, ಅಷ್ಟೇ.

ಕಂಪನಿಯ ಲೆಕ್ಕಾಚಾರದ ಹೊರಗೂ ಕೆಲಸ ನಡೆದಿದೆ. ಕೇಂಬ್ರಿಜ್‌ನ ಸದಫ್ ಫಾರೂಕಿ ಮತ್ತು ಸ್ಟೀಫನ್ ಓ’ರಾಹಿಲಿ 1997ರಲ್ಲಿ ಪಾಕಿಸ್ತಾನ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಎಂಬ ಹಾರ್ಮೋನೇ ಇಲ್ಲವೆಂದು ತೋರಿಸಿದರು. ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಹಾರ್ಮೋನು ಅದು. ಅವರಲ್ಲಿ ಹಿರಿಯಳು ಒಂಬತ್ತರ ವಯಸ್ಸಿಗೆ 94.4 ಕಿಲೋ ಇದ್ದಳು; ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಒಂದು ವರ್ಷದಲ್ಲಿ 16.4 ಕಿಲೋ ಇಳಿದಳು. ‘ಬಾಯಿ ಕಟ್ಟಲಾರಳು’ ಎಂದು ಮಗುವನ್ನು ದೂರುವ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. ಈ ಸಂಶೋಧಕರಿಗೆ ವರ್ಷಗಟ್ಟಲೆ ಬೆಂಬಲ ಕೊಟ್ಟದ್ದು ವೆಲ್‌ಕಮ್ ಟ್ರಸ್ಟ್. ಅದರ ಮೂಲಧನವೂ ಒಂದು ಕಾಲದ ಔಷಧ ಕಂಪನಿಯದೇ ಎನ್ನಿ. ಲೆಪ್ಟಿನ್ ಒದಗಿಸಿದ್ದು ಆಮ್‌ಜೆನ್. ಎಲ್ಲರ ಬೊಜ್ಜಿಗೂ ಅದೇ ಮದ್ದಾದೀತೆಂದು ಆ ಕಂಪನಿ 2 ಕೋಟಿ ಡಾಲರ್ ಸುರಿದು ಹಕ್ಕು ಕೊಂಡಿತ್ತು. ಅದು ಆಗಲಿಲ್ಲ. ಲೆಪ್ಟಿನ್ ಇಲ್ಲದ ಮಕ್ಕಳಾದರೋ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಇನ್ನು ಮೆಟ್‌ಫಾರ್ಮಿನ್. ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯಲ್ಲೂ ಇದ್ದೀತು. ಅಗ್ಗ, ಹಳೆಯದು, ಯಾರ ಪೇಟೆಂಟೂ ಇಲ್ಲ. ಬಹುಮಾನದ 6 ತಿಂಗಳನ್ನು ಸೇರಿಸಲು ಜಾಗವೇ ಇಲ್ಲ. ಹಾಗಾಗಿ ಬೊಜ್ಜಿದ್ದ 6ರಿಂದ 12 ವರ್ಷದ 100 ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ತೆರಿಗೆಯ ಹಣದಿಂದ. 2011ರಲ್ಲಿ ಬಂದ ಫಲಿತಾಂಶ ಸಾಧಾರಣ: ತೂಕದಲ್ಲಿ ಸಣ್ಣ ವ್ಯತ್ಯಾಸ. ಹೀಗೆ ‘ಇದರಿಂದ ಹೆಚ್ಚೇನೂ ಪ್ರಯೋಜನವಿಲ್ಲ’ ಎಂದು ತಿಳಿಯುವುದೂ ತಾಯ್ತಂದೆಯರಿಗೆ ಬೇಕಾದ ತಿಳಿವಳಿಕೆಯೇ. ಅದಕ್ಕೆ ಮಾರುಕಟ್ಟೆ ಹಣ ಕೊಡುವುದಿಲ್ಲ.

ಈಗಿನ ಸುದ್ದಿಯಲ್ಲಿರುವ ಸೆಮಾಗ್ಲುಟೈಡ್ 2022ರಲ್ಲಿ ಹದಿಹರೆಯದವರಿಗೆ ಅನುಮತಿ ಪಡೆಯಿತು. 201 ಮಂದಿ, 68 ವಾರ, ಹಣ ನೋವೋ ನಾರ್ಡಿಸ್ಕ್‌ದು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಸರಾಸರಿ 16.1% ಇಳಿಯಿತು, ಹಿಂದಿನ ಯಾವ ಮಾತ್ರೆಯೂ ಇದರ ಹತ್ತಿರ ಬಂದಿರಲಿಲ್ಲ. ಔಷಧ ಪಡೆದವರಲ್ಲಿ ಐವರಿಗೆ ಪಿತ್ತಕೋಶದ ಕಲ್ಲು ಕಂಡಿತು, ಇನ್ನೊಂದು ಗುಂಪಿನಲ್ಲಿ ಯಾರಿಗೂ ಇಲ್ಲ. ಇಂಥ ಪುರಾವೆಗಳನ್ನು ಓದಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ, 12 ದಾಟಿದ ಬೊಜ್ಜಿನ ಮಕ್ಕಳಿಗೆ ಔಷಧವನ್ನೂ ನೀಡಲು ಮುಂದಾಗಿ ಎಂದಿತು. ಅಲ್ಲಿನದೇ ತಡೆಚಿಕಿತ್ಸೆಯ ಕಾರ್ಯಪಡೆ 2024ರಲ್ಲಿ 26 ಗಂಟೆ ಅಥವಾ ಹೆಚ್ಚಿನ ಆಪ್ತಸಲಹೆಯನ್ನು ಶಿಫಾರಸು ಮಾಡಿತು. ಔಷಧದ ದೀರ್ಘಕಾಲದ ಪುರಾವೆ ಸಾಲದೆಂದು ಹಿಂದೆ ಸರಿಯಿತು. 26 ಗಂಟೆಗಳ ಮಾತಿಗೆ ಪೇಟೆಂಟ್ ತೆಗೆದವರು ಯಾರೂ ಇಲ್ಲ.

ಭಾರತದಲ್ಲಿ ಸೆಮಾಗ್ಲುಟೈಡ್ ಪೇಟೆಂಟಿನ ಗಡುವು 2026ರ ಮಾರ್ಚ್. ಅಲ್ಲಿಂದಾಚೆಗೆ ಬೆಲೆ ಇಳಿಯುತ್ತದೆ, ಮದ್ದು ಹೆಚ್ಚು ಮನೆಗಳನ್ನು ತಲುಪುತ್ತದೆ. ಮುಂಬೈ, ಚೆನ್ನೈ, ಹೈದರಾಬಾದಿನ ಮಕ್ಕಳ ಕೈಗೂ ಬಂದೀತು. ಜೆನೆರಿಕ್ ಮಾಡುವ ಕಂಪನಿ ಹತ್ತು ವರ್ಷ ಮಕ್ಕಳ ಎಲುಬು, ಬೆಳವಣಿಗೆ, ಮನಸ್ಸನ್ನು ಹಿಂಬಾಲಿಸುವ ಅಧ್ಯಯನಕ್ಕೆ ಕೈಹಾಕಲು ಕಾರಣವೇ ಇಲ್ಲ. ಮೂಲ ಕಂಪನಿಗೆ ಆಗ ಇಲ್ಲಿ ಕಾಯಬೇಕಾದ ಏಕಸ್ವಾಮ್ಯ ಉಳಿದಿರುವುದಿಲ್ಲ. ಆ ಖರ್ಚನ್ನು ಹೊರಬಲ್ಲದ್ದು ಸರ್ಕಾರದ ಬೊಕ್ಕಸ ಮಾತ್ರ. ಮೆಟ್‌ಫಾರ್ಮಿನ್ ವಿಷಯದಲ್ಲಿ ಅಮೆರಿಕ ಮಾಡಿದ್ದೂ ಅದನ್ನೇ, ನೂರು ಮಕ್ಕಳ ಮಟ್ಟಿಗೆ.