ಮೊಡವೆ ಮತ್ತು ಇಸುಬು: ಭೇದವನ್ನರಿಯುವ ವಿದ್ಯೆಯ ಚರಿತ್ರೆ

ಪ್ರವಾದಿ ಮುಹಮ್ಮದ್(ಸ) ರವರ ಇಬ್ಬರು ಸಂಗಾತಿಗಳು, ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್ ಬಿನ್ ಅವ್ವಾಮ್(ರ), ಮೈತುರಿಕೆಯಿಂದ ಬಳಲುತ್ತಿದ್ದರು. ಪುರುಷರಿಗೆ ರೇಷ್ಮೆಯ ಉಡುಪು ನಿಷಿದ್ಧ. ಆದರೂ ತುರಿಕೆಯ ಕಾರಣಕ್ಕಾಗಿ ಅವರಿಬ್ಬರಿಗೆ ರೇಷ್ಮೆಯನ್ನು ಧರಿಸಲು ಪ್ರವಾದಿವರ್ಯರು(ಸ) ಅನುಮತಿಯಿತ್ತರೆಂದು ಅನಸ್(ರ) ಅವರ ವರದಿಯು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಚರ್ಮದ ಬಾಧೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕದೆ, ಧರ್ಮದ ನಿಯಮದಲ್ಲೂ ಅದಕ್ಕೆ ರಿಯಾಯಿತಿ ನೀಡಿದ ಪರಂಪರೆ ನಮ್ಮದು.

ಈ ಪರಂಪರೆಯಲ್ಲಿ ಬೆಳೆದ ವೈದ್ಯರು ಮೊದಲು ಕಲಿತ ಪಾಠವೆಂದರೆ, ನೋಡಲು ಒಂದೇ ಬಗೆಯಾಗಿರುವ ಎರಡು ರೋಗಗಳು ಒಂದೇ ಆಗಿರಬೇಕಿಲ್ಲ ಎಂಬುದು. ಇಂದಿನ ಇರಾನಿನ ರಯ್ ನಗರದವರಾದ ಅಬೂಬಕರ್ ಅರ‍್ರಾಝಿಯವರು ಹತ್ತನೆಯ ಶತಮಾನದ ಆರಂಭದ ವೇಳೆಗೆ ಸಿಡುಬು ಮತ್ತು ದಡಾರಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಎರಡರಲ್ಲೂ ಜ್ವರವಿದೆ, ಮೈಮೇಲೆ ಗುಳ್ಳೆಗಳಿವೆ. ಆದರೆ ಸಿಡುಬಿನಲ್ಲಿ ಬೆನ್ನುನೋವು ಹೆಚ್ಚು, ದಡಾರದಲ್ಲಿ ವಾಕರಿಕೆ ಮತ್ತು ಚಡಪಡಿಕೆ ಹೆಚ್ಚು ಎಂದು ಅವರು ರೋಗಿಗಳನ್ನು ನೋಡಿ ಗುರುತಿಸಿದರು. ಈ ಗ್ರಂಥವು ಮುಂದೆ ಲ್ಯಾಟಿನ್ ಮತ್ತು ಇಂಗ್ಲಿಷ್ ಭಾಷೆಗಳಿಗೂ ಅನುವಾದಗೊಂಡಿತು.

ಇಬ್ನು ಸೀನಾ (980–1037) ತಮ್ಮ ‘ಅಲ್‌ಖಾನೂನ್’ ಎಂಬ ಬೃಹತ್ ವೈದ್ಯಗ್ರಂಥದಲ್ಲಿ ಮುಖದ ಮೇಲೆ ಹಾಲಿನ ಹನಿಗಳಂತೆ ಏಳುವ ಬಿಳಿಯ ಗುಳ್ಳೆಗಳನ್ನು ವಿವರಿಸಿದ್ದಾರೆ. ಯುನಾನಿ ವೈದ್ಯರು ಇಂದಿಗೂ ಮೊಡವೆಯನ್ನು ‘ಬುಸೂರೆ ಲಬನಿಯ್ಯ’, ಅಂದರೆ ಹಾಲುಗುಳ್ಳೆಗಳು, ಎಂದು ಕರೆಯುತ್ತಾರೆ. ಇಸುಬಿಗೆ ಅವರು ಬಳಸುವ ಹೆಸರು ‘ನಾರೆ ಫಾರ್ಸಿ’. ‘ನಾರ್’ ಎಂದರೆ ಬೆಂಕಿ. ಒಂದಕ್ಕೆ ಹಾಲಿನ ಹೆಸರು, ಮತ್ತೊಂದಕ್ಕೆ ಬೆಂಕಿಯ ಹೆಸರು! ಇಸುಬಿನ ಉರಿಯನ್ನು ಅನುಭವಿಸಿದವರಿಗೆ ಆ ಹೆಸರಿನ ಔಚಿತ್ಯವನ್ನು ಹೇಳಬೇಕಾಗಿಲ್ಲ. ಯೂರೋಪಿನಲ್ಲಿ ಚರ್ಮರೋಗಗಳನ್ನು ಅವುಗಳ ರೂಪವನ್ನು ನೋಡಿ ಕ್ರಮವಾಗಿ ವರ್ಗೀಕರಿಸುವ ಕೆಲಸವನ್ನು ಲಂಡನ್ನಿನ ವೈದ್ಯ ರಾಬರ್ಟ್ ವಿಲ್ಲನ್ ಕೈಗೊಂಡದ್ದು 18ನೆಯ ಶತಮಾನದ ಕೊನೆಯಲ್ಲಿ.

ಆದರೆ ಸಾವಿರ ವರ್ಷಗಳ ಈ ವಿವೇಕ ನಮ್ಮ ಮನೆಗಳಲ್ಲಿ ಎಷ್ಟರಮಟ್ಟಿಗೆ ಉಳಿದಿದೆ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ಮಗಳ ಕೆನ್ನೆಯ ಮೊಡವೆಗೂ, ತಮ್ಮನ ಮೊಣಕೈ ಮಡಿಕೆಯ ಇಸುಬಿಗೂ, ತಂದೆಯ ಕುತ್ತಿಗೆಯ ತುರಿಕೆಗೂ ಒಂದೇ ಮುಲಾಮಿನ ಟ್ಯೂಬು ಕೈಯಿಂದ ಕೈಗೆ ಹೋಗುವುದುಂಟು. ಆದ್ದರಿಂದ ಭೇದವನ್ನು ಸ್ಪಷ್ಟವಾಗಿ ಅರಿಯುವುದು ಅಗತ್ಯ.

ಮೊಡವೆ ರೋಮಕೂಪದ ಕಾಯಿಲೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಜಿಡ್ಡು ಹೆಚ್ಚುತ್ತದೆ. ಅದು ಸತ್ತ ಕೋಶಗಳೊಂದಿಗೆ ಸೇರಿ ರಂಧ್ರವನ್ನು ಮುಚ್ಚುತ್ತದೆ. ಒಳಗೆ ಬ್ಯಾಕ್ಟೀರಿಯಾಗಳು ಬೆಳೆದು ಗುಳ್ಳೆ ಕೆಂಪಾಗಿ ಊದಿಕೊಳ್ಳುತ್ತದೆ. ಕಪ್ಪು ಅಥವಾ ಬಿಳಿಯ ತಲೆಯುಳ್ಳ ಸಣ್ಣ ಮೊಳಕೆಗಳೇ ಇದರ ಗುರುತು. ಮುಖ, ಎದೆ, ಬೆನ್ನು ಇದರ ನೆಲೆ. ಇಸುಬಾದರೋ ಚರ್ಮದ ರಕ್ಷಣಾ ಪದರವೇ ದುರ್ಬಲಗೊಂಡು ಬರುವಂಥದ್ದು. ಚರ್ಮ ಒಣಗುತ್ತದೆ, ಕೆಂಪಾಗುತ್ತದೆ, ಕೆಲವೊಮ್ಮೆ ನೀರು ಒಸರುತ್ತದೆ, ಕೆರೆದು ಕೆರೆದು ದಪ್ಪಗಟ್ಟುತ್ತದೆ. ಹಸುಗೂಸುಗಳ ಕೆನ್ನೆ, ಮಕ್ಕಳ ಮೊಣಕೈ ಮತ್ತು ಮಂಡಿಯ ಮಡಿಕೆಗಳು, ನೀರಲ್ಲಿ ದುಡಿಯುವವರ ಕೈಗಳು ಇದಕ್ಕೆ ತುತ್ತಾಗುತ್ತವೆ. ಮನೆತನದಲ್ಲಿ ಅಸ್ತಮಾ ಅಥವಾ ಅಲರ್ಜಿ ಇರುವುದು ಸಾಮಾನ್ಯ. ಮೊಡವೆ ಹೆಚ್ಚಾಗಿ ನೋಯುತ್ತದೆ; ಇಸುಬು ನಿದ್ದೆಗೆಡಿಸುವಷ್ಟು ತುರಿಸುತ್ತದೆ. ಎರಡೂ ಮುಟ್ಟಿದರೆ ಹರಡುವ ರೋಗಗಳಲ್ಲ. ಇಸುಬಿದ್ದವರನ್ನು ಒಂದೇ ತಟ್ಟೆಯ ಊಟದಿಂದ ದೂರವಿಡುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು.

ಚಿಕಿತ್ಸೆಯಲ್ಲಂತೂ ಇವೆರಡರ ದಾರಿ ಬೇರೆ. ಚನ್ನರಾಯಪಟ್ಟಣದ ಸೀಮೆಯಲ್ಲಿ ಯಥೇಚ್ಛವಾಗಿ ಸಿಗುವ ಕೊಬ್ಬರಿ ಎಣ್ಣೆಯನ್ನೇ ನೋಡಿ. ಒಣಗಿದ ಚರ್ಮಕ್ಕೆ ಅದು ತಂಪು. ಮೊಡವೆಯ ಮುಖಕ್ಕೆ ಹಚ್ಚಿದರೆ ರಂಧ್ರಗಳು ಮತ್ತಷ್ಟು ಮುಚ್ಚಿಹೋಗಬಹುದು. ಮೊಡವೆಯನ್ನು ಒಣಗಿಸುವ ಬೆಂಝಾಯ್ಲ್ ಪೆರಾಕ್ಸೈಡ್ ಇಸುಬಿನ ಮೇಲೆ ಬಿದ್ದರೆ ಉರಿ ಇಮ್ಮಡಿಯಾಗುತ್ತದೆ.

ನಮ್ಮ ಸೀಮೆಯ ರೈತಾಪಿ ಕುಟುಂಬಗಳು ಅರಿಯಬೇಕಾದ ಇನ್ನೊಂದು ಇತಿಹಾಸವಿದೆ. ಅಮೆರಿಕಾ ಖಂಡದ ಪಾರ್ಥೇನಿಯಂ, ಜನ ‘ಕಾಂಗ್ರೆಸ್ ಗಿಡ’ ಎಂದು ಕರೆಯುವ ಕಳೆ, 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಕೆಲವೇ ದಶಕಗಳಲ್ಲಿ ಕರ್ನಾಟಕದ ಹೊಲ, ಬದು, ರಸ್ತೆಬದಿಗಳನ್ನೆಲ್ಲ ಆವರಿಸಿತು. ಅದನ್ನು ತಿಂದು ತೀರಿಸಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋ ಮೂಲದ ಜೀರುಂಡೆಯೊಂದನ್ನು ಬಿಡಲಾಯಿತು. ಆದರೂ ಕಳೆ ಅಳಿಯಲಿಲ್ಲ. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಒಣಗಿದ ಗಿಡದ ಧೂಳಿನೊಂದಿಗೆ ಗಾಳಿಯಲ್ಲಿ ತೇಲಿಬಂದು ಕಣ್ಣಿನ ರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತೀವ್ರವಾದ ಅಲರ್ಜಿಯ ಇಸುಬನ್ನು ಎಬ್ಬಿಸುತ್ತದೆ. ಮಧ್ಯವಯಸ್ಸಿನ ರೈತನ ಮುಖ ಕೆಂಪೇರಿ ತುರಿಸತೊಡಗಿದರೆ ಅದು ಮೊಡವೆಯೂ ಅಲ್ಲ, ‘ಬಿಸಿಲ ಗುಳ್ಳೆ’ಯೂ ಅಲ್ಲದಿರಬಹುದು, ಹೊಲದ ಬದುವಿನ ಕಳೆಯೇ ಕಾರಣವಾಗಿರಬಹುದು. ಅಂಥವರು ಕಳೆ ಕೀಳುವಾಗ ಮೈಮುಚ್ಚುವ ಬಟ್ಟೆ ತೊಟ್ಟು, ಮನೆಗೆ ಬಂದೊಡನೆ ಸ್ನಾನ ಮಾಡಬೇಕು; ಅಲರ್ಜಿ ಖಚಿತವಾದವರು ಆ ಕೆಲಸದಿಂದಲೇ ದೂರವಿರುವುದು ಲೇಸು.

ಎಲ್ಲಕ್ಕಿಂತ ದೊಡ್ಡ ಅಪಾಯ ಸ್ಟೀರಾಯ್ಡ್ ಮುಲಾಮುಗಳದ್ದು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಿದರೆ ಇಸುಬಿಗೆ ಅವು ಒಳ್ಳೆಯ ಔಷಧ. ಮೊಡವೆಗೋ ಮುಖದ ಬಿಳುಪಿಗೋ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದುಕಾಣುತ್ತವೆ, ಮೊಡವೆಗಳು ಇನ್ನಷ್ಟು ಏಳುತ್ತವೆ, ಮುಲಾಮು ನಿಲ್ಲಿಸಿದೊಡನೆ ಮುಖ ಬೆಂಕಿಯಾಗುತ್ತದೆ. ಮದುವೆಗೆ ಮುನ್ನ ಬೆಳ್ಳಗಾಗಲೆಂದು ಹಚ್ಚಿಕೊಂಡ ಹೆಣ್ಣುಮಗಳು ವರ್ಷಗಟ್ಟಲೆ ಅದರ ಫಲವನ್ನು ಅನುಭವಿಸಬೇಕಾಗಬಹುದು. ಇಂತಹ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರಕಾರವು 2018ರಲ್ಲಿ ಅಧಿಸೂಚನೆ ಹೊರಡಿಸಿತು. ಕಾನೂನು ಬಂದ ಮಾತ್ರಕ್ಕೆ ಅಭ್ಯಾಸ ಬದಲಾಗದು; ಬದಲಾವಣೆ ಮನೆಯೊಳಗಿಂದಲೇ ಆರಂಭವಾಗಬೇಕು.

ಹಾಸನದಲ್ಲಿ 2006ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ತಾಲೂಕು ಕೇಂದ್ರಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಮುಲಾಮು ಕೊಳ್ಳುವ ಮುನ್ನ ವೈದ್ಯರಿಗೆ ಚರ್ಮ ತೋರಿಸುವುದು ಕಷ್ಟವೇನಲ್ಲ. ಕೈಯ ಇಸುಬು ಬಿರುಕುಬಿಟ್ಟು, ವುಝೂವಿನ ನೀರಿನಿಂದ ಉಲ್ಬಣಿಸುವುದಾದರೆ ವೈದ್ಯರ ಸಲಹೆ ಪಡೆದು ವಿದ್ವಾಂಸರನ್ನು ವಿಚಾರಿಸಿರಿ. ರೋಗಿಗೆ ತಯಮ್ಮುಮಿನ ರಿಯಾಯಿತಿ ಕುರ್‌ಆನಿನಲ್ಲಿಯೇ ಇದೆ.

ರೇಷ್ಮೆಯ ಅನುಮತಿ ಇಡೀ ಸಮುದಾಯಕ್ಕೆ ಸಿಕ್ಕಿದ್ದಲ್ಲ; ತುರಿಕೆಯಿದ್ದ ಇಬ್ಬರಿಗೆ, ಅವರ ಬಾಧೆಯನ್ನು ನೋಡಿ ಸಿಕ್ಕಿತು. ಅರ‍್ರಾಝಿಯವರ ವೈದ್ಯವೂ ಅದೇ ಹಾದಿಯದು: ಮೊದಲು ರೋಗಿಯನ್ನು ನೋಡು, ರೋಗವನ್ನು ಸರಿಯಾಗಿ ಹೆಸರಿಸು, ಅನಂತರ ಔಷಧಕ್ಕೆ ಕೈಹಾಕು. ಒಬ್ಬನ ಔಷಧ ಇನ್ನೊಬ್ಬನಿಗೆ ವಿಷವಾಗಬಹುದೆಂಬ ಎಚ್ಚರವನ್ನು ಅಲ್ಲಾಹನು ನಮ್ಮ ಮನೆಗಳಿಗೆ ದಯಪಾಲಿಸಲಿ.